ಜೋಳದ ಹೊಲಕ್ಕೆ ಅಡ್ಡ ನಿಂತವಳು

ಮೆಟ್ಟಿಲಿನ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತು. ಮುಂದಿನವರು ಬಲಕ್ಕೆ ಎಳೆದರು, ಹಿಂದಿನವರು ಎಡಕ್ಕೆ. ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ನಮ್ಮಕ್ಕ ಯಾವತ್ತು ಸುಲಭಕ್ಕೆ ದಾರಿ ಬಿಟ್ಟಿದ್ಲು ಭಾವ?" ಎಂದ ಮೈದುನ.

ಬೆಳಗಿನಿಂದ ಬಿಗಿದುಕೊಂಡಿದ್ದ ಮುದುಕನ ಮುಖ ಸಡಿಲಾಯಿತು. ಹೆಂಡತಿಯನ್ನು ಹೊತ್ತುಕೊಂಡೇ ಆತ ನಕ್ಕುಬಿಟ್ಟ.

ಸಮಾಧಿಯ ಬಳಿ ಹಸು ಸಾಕುವವರೇ ಹೆಚ್ಚಾಗಿ ಸೇರಿದ್ದರು. ಮೇವು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದುಡಿದ ಆಕೆ ಅವರಿಗೆಲ್ಲ ಮೇವಿನಕ್ಕ. ಯಾರ ಮನೆಗೆ ಹೋದರೂ ಮೊದಲು ಹಸುವನ್ನು ಮಾತಾಡಿಸಿ, ಮನುಷ್ಯರನ್ನು ಆಮೇಲೆ ವಿಚಾರಿಸುತ್ತಿದ್ದಳು ಎಂದು ಒಬ್ಬಾಕೆ ನೆನೆದಳು. ಅಂಥವಳಿಗೆ ನೀವು ಹೇಗೆ ಗಂಟುಬಿದ್ದಿರಿ ಎಂದು ಮತ್ತೊಬ್ಬಳು ಮುದುಕನನ್ನು ಕೆಣಕಿದಳು. ಆತ ಹೇಳತೊಡಗಿದ.

*

ಆ ವರ್ಷ ಮಳೆ ಕೈಕೊಟ್ಟು ಜೋಳ ಮೊಣಕಾಲುದ್ದಕ್ಕೇ ಮುರುಟಿತ್ತು. ಮೇವಿನಕ್ಕನ ತಮ್ಮ, ಇದೇ ಮೈದುನ, ಸಾಕಿದ್ದ ಹಸುಗಳಿಗೆ ಒಣಹುಲ್ಲೇ ಗತಿ. ಕೊನೆಗೊಂದು ಮಳೆ ಬಿದ್ದು ಜೋಳದ ಬುಡದಲ್ಲಿ ಎಳೆ ಚಿಗುರು ಒಡೆದದ್ದೇ ತಡ, ತಮ್ಮ ಹಸುಗಳನ್ನು ಹೊಡೆದುಕೊಂಡು ಬಂದ. ಅಕ್ಕ ಹೊಲದ ಗೇಟಿಗೆ ಅಡ್ಡ ನಿಂತಳು. ಬರದಲ್ಲಿ ಬೆಂದ ಜೋಳದ ಎಳೆ ಚಿಗುರಿನಲ್ಲಿ ವಿಷ ಕೂಡಿರುತ್ತದೆ, ತಿಂದ ಹಸು ನಿಂತಲ್ಲೇ ಉರುಳಬಹುದು ಎಂದಳು. ತಮ್ಮ ಕೇಳಲಿಲ್ಲ. ಹಸಿದ ಹಸುಗಳಂತೂ ಆಕೆಯನ್ನೇ ನೂಕತೊಡಗಿದವು.

ಅಷ್ಟರಲ್ಲಿ ಹಾಲಿನ ವ್ಯಾನು ಬಂತು. ಅದನ್ನು ಓಡಿಸುತ್ತಿದ್ದವನು ಈ ಮುದುಕ, ಆಗಿನ್ನೂ ಕುಡಿಮೀಸೆಯವನು.

"ವ್ಯಾನ್ ಇಲ್ಲಿ ಅಡ್ಡ ನಿಲ್ಸಿ," ಎಂದಳು.

"ಬಿಸಿಲಿಗೆ ಹಾಲು ಒಡೆದುಹೋಗುತ್ತೆ ರೀ."

"ಹಾಲು ಒಡೆದ್ರೆ ನಾಳೆ ಮತ್ತೆ ಕರೀಬಹುದು. ಹಸು ಸತ್ರೆ?"

ಆತ ನಿಲ್ಲಿಸಿದ. ತಮ್ಮ ಗೊಣಗುತ್ತ ಹಸುಗಳನ್ನು ಹಿಂದಕ್ಕೆ ಹೊಡೆಯುವಷ್ಟರಲ್ಲಿ ಹಾಲು ಒಡೆದಿತ್ತು. ಡೇರಿಯಲ್ಲಿ ವ್ಯಾನಿನವನ ಮುಖಕ್ಕೆ ಮಂಗಳಾರತಿಯಾಯಿತು. ಚಿಗುರು ಬಲಿತ ಮೇಲೆ ಆಕೆಯೇ ಜೋಳ ಕೊಯ್ಯಿಸಿ, ಚೆನ್ನಾಗಿ ಒಣಗಿಸಿ, ಪರೀಕ್ಷೆ ಮಾಡಿ ತಮ್ಮನಿಗೆ ಕೊಟ್ಟಳು. ಪೈರು ಗಿಡ್ಡವಾದರೇನು, ದಂಟಿಗಿಂತ ಎಲೆ ಜಾಸ್ತಿ, ಸತ್ವ ಚೆನ್ನಾಗಿದೆ ಎಂದಳು. ಹಸುಗಳು ಕೆಚ್ಚಲು ತುಂಬಿಕೊಂಡವು.

ವ್ಯಾನಿನವನು ಮಾತ್ರ ಹಾಲು ಒಡೆದ ಮರುದಿನವೇ ಬಂದು, ಯಾರೂ ಹೇಳದಿದ್ದರೂ ಅದೇ ಗೇಟಿಗೆ ಅಡ್ಡ ನಿಲ್ಲಿಸಿದ್ದ.

*

ಜನ ನಗುತ್ತಲೇ ಕಣ್ಣೊರೆಸಿಕೊಂಡು ಹೊರಟರು. ಬೇಲಿಯ ಸಂದಿಯಿಂದ ಯಾರದೋ ಹಸು ನುಗ್ಗಿ ಹಸಿಮಣ್ಣಿನ ಮೇಲಿದ್ದ ಹೂವಿನ ಚಕ್ರಕ್ಕೆ ಬಾಯಿ ಹಾಕಿತು. ಓಡಿಸಲು ಕೈಯೆತ್ತಿದ ಮೈದುನನನ್ನು ಮುದುಕ ತಡೆದ. ಕುಕ್ಕರಗಾಲಲ್ಲಿ ಕೂತು, ಚಕ್ರದಿಂದ ತಂತಿಯನ್ನೂ ರಿಬ್ಬನ್ನನ್ನೂ ಬಿಡಿಸಿ ಜೇಬಿಗೆ ಹಾಕಿಕೊಂಡ. ಎಲೆಗಳನ್ನು ಮೂಸಿ ನೋಡಿ, ಗುರುತು ಹತ್ತದ ಒಂದನ್ನು ಕಿತ್ತು ದೂರ ಎಸೆದ. ಉಳಿದದ್ದನ್ನು ಎರಡೂ ಕೈಯಲ್ಲಿ ಹಿಡಿದು ಹಸುವಿನ ಬಾಯಿಗೆ ಒಡ್ಡಿದ.