ಎರಡನೆಯ ಚುನಾವಣೆ

"ಆ ಮೇಜು ಬೇಡ ಲವೋನ್, ಹಾಕಿರೋದೇ ಜಾಸ್ತಿ," ಎಂದು ಜೋಲೀನ್ ಮಡಚುವ ಮೇಜಿನ ತುದಿಯನ್ನು ಹಿಡಿದು ನಿಲ್ಲಿಸಿದಳು.

ಲವೋನ್ ಬಿಡಲಿಲ್ಲ. ವಯಸ್ಸು ಎಪ್ಪತ್ತು ದಾಟಿದ್ದರೂ ಜೀವಮಾನವೆಲ್ಲ ಹಸು ಕರೆದ ತೋಳು ಅದು. ಮೇಜನ್ನು ತನ್ನ ಕಡೆಗೆ ಎಳೆದುಕೊಂಡು, ಕಾಲು ಬಿಡಿಸಿ, ಚರ್ಚಿನ ನೆಲಮಾಳಿಗೆಯಲ್ಲಿದ್ದ ಸಾಲಿಗೆ ಸೇರಿಸಿದಳು.

"ಖಾಲಿ ಕುರ್ಚಿಗಳ ಮಧ್ಯೆ ಕೂತು ಊಟ ಮಾಡೋಕೆ ನನ್ನಿಂದಾಗಲ್ಲ," ಎಂದಳು ಜೋಲೀನ್. "ಅಮ್ಮನ ಮಣ್ಣಿಗೆ ಈ ಊರಲ್ಲಿ ಯಾರು ಬರ್ತಾರೆ ಹೇಳಿ."

"ಬರದೆ ಇರೋರು ಯಾರು, ನೀನೇ ಹೇಳು. ವರ್ಷಕ್ಕೊಂದ್ಸಲ ಕಾರಲ್ಲಿ ಬಂದು, ಅವಳನ್ನ ಹತ್ತಿಸ್ಕೊಂಡು ನಿನ್ನ ವಿಚಿಟಾ ಸಿಟಿಗೆ ಹೊರಟುಬಿಡೋಳು ನೀನು. ಊರಿನ ವಿಷಯ ನಿನಗೇನೇ ಗೊತ್ತು? ಆ ಕಾಗದದ ಸುರುಳಿ ಕೊಡು ಇತ್ತ."

ಜೋಲೀನ್ ಮೇಜಿನ ಮೇಲೆ ಬಿಳಿ ಕಾಗದ ಹಾಸತೊಡಗಿದಳು. ಅಡುಗೆಮನೆಯಲ್ಲಿ ಆಲೂಗಡ್ಡೆ ಮತ್ತು ಚೀಸ್ ಬೇಯುತ್ತಿತ್ತು. ಬೆಳಿಗ್ಗೆಯೇ ಯಾರೋ ತಂದಿಟ್ಟು ಹೋದ ಕೊಲಾಚಿ ಎಂಬ ಸಿಹಿ ಬನ್ನುಗಳಿಂದ ಸುಟ್ಟ ಗಸಗಸೆಯ ಪರಿಮಳ ಬರುತ್ತಿತ್ತು.

"ಡ್ಯಾರೆಲ್ ಪೆಶೆಕ್ ಬಂದ್ರೆ?" ಎಂದಳು ಕಾಗದದ ಅಂಚು ಸರಿಮಾಡುತ್ತ.

"ಬಂದ್ರೆ ಊಟ ಹಾಕೋದು."

"ಅಮ್ಮನ್ನ ಇಡೀ ಊರಿನ ಮುಂದೆ ಬೈದೋನು ಅವನು. ಬಂದ್ರೆ ನಾನು ಸುಮ್ನಿರಲ್ಲ."

ಲವೋನ್‌ಳ ಭುಜ ಅಲುಗಿತು. ನಕ್ಕಳೋ ಏನೋ, ಬೆನ್ನು ತಿರುಗಿದ್ದರಿಂದ ಗೊತ್ತಾಗಲಿಲ್ಲ.

*

ಆರ್ಡಿತ್ ಹ್ರೂಬಿ ಮೊದಲ ಸಲ ಶಾಲಾ ಮಂಡಳಿಯ ಚುನಾವಣೆಗೆ ನಿಂತಾಗ ಅವಳ ಒಬ್ಬಳೇ ಮಗಳು ಜೋಲೀನ್ ಎಂಟನೆಯ ತರಗತಿಯಲ್ಲಿದ್ದಳು. ಆರ್ಡಿತ್‌ಗೆ ಧಾನ್ಯದ ಗೋದಾಮಿನಲ್ಲಿ ಗೋಧಿ ಲಾರಿಗಳನ್ನು ತೂಗುವ ಕೆಲಸ. ಭಾಷಣ ಮಾಡಿ ಗೊತ್ತಿರಲಿಲ್ಲ. ಆದರೆ ತಮ್ಮೂರು ನೋವಾಕ್‌ನ ಹೈಸ್ಕೂಲನ್ನು ಮುಚ್ಚಿ ಮಕ್ಕಳನ್ನು ಪಕ್ಕದೂರು ಮಾರ್ಲೋಗೆ ಕಳಿಸುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಅವಳಿಂದ ಸುಮ್ಮನಿರಲಾಗಲಿಲ್ಲ. ನೋವಾಕ್‌ಗೂ ಮಾರ್ಲೋಗೂ ಅಜ್ಜಂದಿರ ಕಾಲದಿಂದ ಆಗಿಬರುತ್ತಿರಲಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಶುರುವಾದ ಜಗಳ ಮದುವೆ ಮನೆಗಳವರೆಗೂ ಬಂದಿತ್ತು.

ಗಂಡ ಎಮಿಲ್ ಹಲಗೆ ಕೊಯ್ದು ಕೊಟ್ಟ. 'ನಮ್ಮ ಶಾಲೆ ನಮ್ಮೂರಲ್ಲೇ' ಎಂದು ಜೋಲೀನ್ ಅದರ ಮೇಲೆ ನೀಲಿ ಬಣ್ಣದಲ್ಲಿ ಬರೆದಳು. ಆರ್ಡಿತ್ ಮೊದಲು ಹೋದದ್ದು ಗೆಳತಿ ಲವೋನ್ ಮನೆಗೆ. ಕರುವಿನ ಭೇದಿಯ ಬಗ್ಗೆ ಒಂದು ಗಂಟೆ ಮಾತಾಡಿ ವಾಪಸು ಬಂದಳು.

"ವೋಟು ಕೇಳಿದ್ಯಾ?" ಎಂದ ಎಮಿಲ್.

"ಅಯ್ಯೋ, ಅದೇ ಮರ್ತೋಯ್ತು," ಎಂದು ಕೋಟು ಬಿಚ್ಚದೆ ಮತ್ತೆ ಹೊರಟಳು.

ಊರಿಗೆ ಊರೇ ಅವಳನ್ನು ಗೆಲ್ಲಿಸಿತು. ಗೆದ್ದ ಮೇಲೆ ಆರ್ಡಿತ್ ವಾರಕ್ಕೊಂದು ದಿನ ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರತೊಡಗಿದಳು. ಹಾಗೆ ಕೂತದ್ದೇ ತಪ್ಪಾಯಿತೆಂದು ಆಮೇಲೆ ಊರವರು ಆಡಿಕೊಂಡರು. ಗಣಿತ ಹೇಳಿಕೊಡುವ ಮೇಷ್ಟ್ರೇ ಬಸ್ಸನ್ನೂ ಓಡಿಸುತ್ತಿದ್ದ, ಆಟವನ್ನೂ ಆಡಿಸುತ್ತಿದ್ದ. ರಸಾಯನಶಾಸ್ತ್ರಕ್ಕೆ ಯಾರೂ ಬರಲೊಪ್ಪದೆ ಪ್ರಯೋಗಾಲಯಕ್ಕೆ ಬೀಗ ಬಿದ್ದಿತ್ತು. ಜೋಲೀನ್‌ಳ ತರಗತಿಯವರು ನಾಟಕ ಆಡಿದಾಗ ಜನ ಸಾಲದೆ ಒಬ್ಬಳೇ ಹುಡುಗಿ ತಾಯಿಯೂ ಮಗಳೂ ಆಗಿ, ಶಾಲು ಬದಲಿಸಿಕೊಂಡು ತನ್ನೊಂದಿಗೆ ತಾನೇ ಮಾತಾಡಿದಳು. ನೋಡುವವರೆಲ್ಲ ನಕ್ಕರು. ಆರ್ಡಿತ್ ನಗಲಿಲ್ಲ.

ಮೂರು ವರ್ಷದ ಮೇಲೆ ಶಾಲೆ ಮುಚ್ಚುವ ವಿಷಯ ಮಂಡಳಿಯ ಮತಕ್ಕೆ ಬಂತು. ವ್ಯಾಯಾಮಶಾಲೆಯಲ್ಲಿ ಊರೆಲ್ಲ ನೆರೆದಿತ್ತು. ಮಂಡಳಿಯಲ್ಲಿ ಮೂವರು ಮುಚ್ಚೋಣ ಎಂದರು, ಮೂವರು ಬೇಡ ಎಂದರು. ಉಳಿದದ್ದು ಆರ್ಡಿತ್. ಅವಳು ಮೈಕಿನ ಹತ್ತಿರ ಬಾಗಿ, "ಮುಚ್ಚೋಣ," ಎಂದಳು.

"ನಮ್ಮ ವೋಟು ತಗೊಂಡು ನಮ್ಮ ಕತ್ತೇ ಕೊಯ್ದೆಯಲ್ಲೇ," ಎಂದು ಹಿಂದಿನಿಂದ ಒಬ್ಬ ಕೂಗಿದ. ಅವನೇ ಡ್ಯಾರೆಲ್ ಪೆಶೆಕ್. ಅವನ ಮಗ ಮುಂದಿನ ವರ್ಷ ಫುಟ್‌ಬಾಲ್ ತಂಡದ ನಾಯಕನಾಗಬೇಕಿತ್ತು.

ಅಲ್ಲಿಂದ ಮುಂದೆ ಆರ್ಡಿತ್ ಕಾಫಿ ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಚರ್ಚಿನಲ್ಲಿ ಅವರ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಲವೋನ್ ಕೂಡ ಇವಳನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಿದ್ದಳು. ಇಷ್ಟಾದ ಮೇಲೂ ಮರು ವಸಂತದಲ್ಲಿ ಆರ್ಡಿತ್ ಮತ್ತೆ ಚುನಾವಣೆಗೆ ನಿಂತಳು.

ಜೋಲೀನ್ ಆಗ ಮಾರ್ಲೋ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. "ಯಾಕಮ್ಮ? ಸೋಲ್ತೀಯ."

"ಸೋಲ್ತೀನೇನೋ."

"ಊರೆಲ್ಲ ನಗುತ್ತೆ."

"ನಗಲಿ ಬಿಡು. ನಕ್ಕು ಎಷ್ಟು ದಿನ ಆಯ್ತು ಪಾಪ."

ಈ ಸಲ ಹಲಗೆಗಳಿರಲಿಲ್ಲ. ಆರ್ಡಿತ್ ಒಂದು ಮನೆಯ ಬಾಗಿಲನ್ನೂ ತಟ್ಟಿದಂತೆ ಕಾಣಲಿಲ್ಲ. ಎದುರಿಗೆ ನಿಂತವನು ಡ್ಯಾರೆಲ್. ಆರ್ಡಿತ್‌ಗೆ ವೋಟು ಹಾಕಿದವರನ್ನೆಲ್ಲ ಒಂದು ವ್ಯಾನಿನಲ್ಲಿ ಕೂರಿಸಬಹುದಿತ್ತು. ಫಲಿತಾಂಶ ಕೇಳಿ ಅವಳು ಬೇಗ ಮಲಗಿದಳು. ಜೋಲೀನ್ ಅಳುತ್ತ ಕೂತಳು. ಆ ವರ್ಷವೇ ಊರು ಬಿಟ್ಟು, ಔಷಧ ವಿಜ್ಞಾನ ಓದಿ, ವಿಚಿಟಾದ ಆಸ್ಪತ್ರೆ ಸೇರಿದಳು. ಅಪ್ಪನ ಮಣ್ಣಿನ ದಿನವೂ ಯಾರ ಮುಖವನ್ನೂ ನೋಡದೆ ಹೊರಟಿದ್ದಳು. ಇಲ್ಲಿಗೆ ಬಂದಾಗಲೆಲ್ಲ ಅಮ್ಮನನ್ನು ಹತ್ತಿಸಿಕೊಂಡು ಅಂಗಳದಲ್ಲೇ ಕಾರು ತಿರುಗಿಸಿಕೊಂಡು ಹೋಗುತ್ತಿದ್ದಳು. ಊರಿನವರು ಹೇಗಿದ್ದಾರೆ ಎಂದು ಕೇಳುತ್ತಿರಲಿಲ್ಲ. ಅಮ್ಮನೂ ಹೇಳುತ್ತಿರಲಿಲ್ಲ.

*

ಚರ್ಚಿನಲ್ಲಿ ಪೂಜೆ ಮುಗಿಯುವವರೆಗೂ ಜೋಲೀನ್ ಮುಂದಿನ ಬೆಂಚಿನಿಂದ ಹಿಂತಿರುಗಿ ನೋಡಲಿಲ್ಲ. ಶವಪೆಟ್ಟಿಗೆಯ ಹಿಂದೆ ನಡೆಯಲು ಎದ್ದು ತಿರುಗಿದಾಗ ಕಾಲು ತಡೆಯಿತು. ಬೆಂಚುಗಳು ತುಂಬಿ, ಗೋಡೆಯುದ್ದಕ್ಕೂ ಜನ ನಿಂತಿದ್ದರು. ಮಾರ್ಲೋದವರೂ ಇದ್ದರು. ಬಾಗಿಲ ಹತ್ತಿರ, ಗುಂಡಿ ಹಾಕಲಾಗದಷ್ಟು ಬಿಗಿಯಾದ ಕಪ್ಪು ಕೋಟಿನಲ್ಲಿ ಡ್ಯಾರೆಲ್ ಪೆಶೆಕ್ ನಿಂತಿದ್ದ.

ಸ್ಮಶಾನದಲ್ಲಿ ಗಾಳಿ ಜೋರಾಗಿತ್ತು. ಫಾದರ್ ಪ್ರಾರ್ಥನೆ ಶುರು ಮಾಡುವಷ್ಟರಲ್ಲಿ ಕುಳಿಯ ಮೇಲೆ ಕಟ್ಟಿದ್ದ ಕ್ಯಾನ್ವಾಸಿನ ಚಪ್ಪರ ಎದ್ದು ಹಾರುವಂತಾಯಿತು. ಡ್ಯಾರೆಲ್ ಓಡಿಬಂದು ಕಂಬವನ್ನು ತಬ್ಬಿ ಹಿಡಿದ. ಕೊನೆಯ ಆಮೆನ್‌ವರೆಗೂ ಹಾಗೆಯೇ ನಿಂತ. ಜೋಲೀನ್ ಅವನ ಕಡೆ ನೋಡದಿರಲು ಯತ್ನಿಸಿದಳು, ಆಗಲಿಲ್ಲ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ನೆಲಮಾಳಿಗೆಯಲ್ಲಿ ಮೇಜುಗಳು ಸಾಲದೆ ಜನ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತರು. ಜೋಲೀನ್‌ಳ ಪಕ್ಕದಲ್ಲಿ ಲವೋನ್, ಎದುರಿಗೆ ಮುದುಕ ವರ್ಲಿನ್ ಕ್ರೌಸ್. ಅವನದು ಹಾರ್ಡ್‌ವೇರ್ ಅಂಗಡಿ. ಹಿಂದೆ ಮಂಡಳಿಯಲ್ಲಿದ್ದು, ಶಾಲೆ ಮುಚ್ಚುವುದು ಬೇಡ ಎಂದ ಮೂವರಲ್ಲಿ ಒಬ್ಬ. ಡ್ಯಾರೆಲ್ ತಟ್ಟೆ ಹಿಡಿದು ಬಂದು ವರ್ಲಿನ್ ಪಕ್ಕದಲ್ಲೇ ಕೂತ.

"ಮಿಸ್ಟರ್ ಪೆಶೆಕ್, ನಿಮಗೆ ಇಲ್ಲಿ ಕೂರೋಕೆ ಹೇಗೆ ಮನಸ್ಸು ಬಂತು?" ಎಂದಳು ಜೋಲೀನ್. "ಅಮ್ಮನ್ನ ಸೋಲ್ಸಿದ್ದು ಸಾಲದಾಗಿತ್ತಾ?"

ಡ್ಯಾರೆಲ್ ಚಮಚ ಕೆಳಗಿಟ್ಟು ವರ್ಲಿನ್ ಮುಖ ನೋಡಿದ.

"ಆರ್ಡಿತ್ ಇವಳಿಗೆ ಹೇಳೇ ಇಲ್ಲ ಕಣಯ್ಯಾ," ಎಂದ ವರ್ಲಿನ್.

"ಏನು ಹೇಳಿಲ್ಲ?"

"ಶಾಲೆ ಮುಚ್ಚಿದ ಆ ಚಳಿಗಾಲದಲ್ಲಿ ನಿಮ್ಮಮ್ಮ ಬಾಗಿಲಿನ ಕೀಲು ಕೊಳ್ಳೋಕೆ ನನ್ನ ಅಂಗಡಿಗೆ ಬಂದ್ಲು. ಮತ್ತೆ ಚುನಾವಣೆಗೆ ನಿಲ್ತೀನಿ ವರ್ಲಿನ್, ಅಂದ್ಲು. ತಲೆ ಕೆಟ್ಟಿದ್ಯಾ, ಒಂದು ನಾಯಿನೂ ನಿನಗೆ ವೋಟ್ ಹಾಕಲ್ಲ, ಅಂದೆ. ಗೊತ್ತು, ಅದಕ್ಕೇ ನಿಲ್ತಿರೋದು, ಅಂದ್ಲು."

ಜೋಲೀನ್‌ಗೆ ಅರ್ಥವಾಗಲಿಲ್ಲ. ವರ್ಲಿನ್ ಮುಂದುವರಿಸಿದ.

"'ಇವರಿಗೆಲ್ಲ ನನ್ನ ಮೇಲೆ ಹೊಟ್ಟೆ ತುಂಬ ಸಿಟ್ಟಿದೆ. ಚರ್ಚಲ್ಲಿ ಬೈಯೋ ಹಾಗಿಲ್ಲ. ಗೋದಾಮಲ್ಲಿ ಬೈಯೋಣ ಅಂದ್ರೆ ಅವರ ಗೋಧಿ ತೂಗೋಳು ನಾನೇ. ಆ ಸಿಟ್ಟನ್ನ ಪಾಪ ಎಲ್ಲಿ ಹಾಕ್ಬೇಕು ಅವರು? ಪರದೆ ಹಿಂದೆ ಹೋಗಿ ಒಂದ್ಸಲ ಕೈಯಾರೆ ನನ್ನ ಸೋಲಿಸ್ಲಿ. ಆಮೇಲೆ ಎಲ್ಲರೂ ಒಂದೇ ಊರಲ್ಲಿ ಬದುಕಬಹುದು.' ಹೀಗೆ ಅಂದು, ಕೀಲು ಜೇಬಿಗೆ ಹಾಕ್ಕೊಂಡು ಹೋದ್ಲು."

"ಅಷ್ಟೇ ಅಲ್ಲ," ಎಂದ ಡ್ಯಾರೆಲ್. "ಎದುರಿಗೆ ನಿಲ್ಲೋಕೆ ಯಾರೂ ಇರ್ಲಿಲ್ಲ. ಸೀದಾ ನಮ್ಮನೆಗೆ ಬಂದ್ಲು. ನಾನು ಬಾಗಿಲು ಹಾಕೋನಿದ್ದೆ, ಕಾಲು ಅಡ್ಡ ಇಟ್ಲು. 'ಕೂಗೋಕೆ ಬರುತ್ತಲ್ಲ ನಿನಗೆ, ಮಂಡಳೀಲಿ ಬಂದು ಕೂಗು. ಮಾರ್ಲೋದವರು ನಮ್ಮ ಮಕ್ಕಳನ್ನ ಹಿಂದಿನ ಬೆಂಚಿಗೆ ಹಾಕದ ಹಾಗೆ ನೋಡ್ಕೊಳ್ಳೋಕೆ ನಿನ್ನಂಥ ಗಂಟಲೇ ಬೇಕು' ಅಂದ್ಲು. ನಾನು ಗೆದ್ದೆ. ಮಂಡಳೀಲಿ ಇದ್ದಷ್ಟು ದಿನವೂ ಸಭೆಗೆ ಮುಂಚೆ ಅವಳಿಗೆ ಫೋನ್ ಮಾಡಿ ಕೇಳ್ತಿದ್ದೆ, ಏನ್ ಮಾಡ್ಲಿ ಅಂತ."

"ನಿಮ್ಮ ಮಗ?"

"ಮಾರ್ಲೋ ತಂಡದಲ್ಲಿ ಆಡ್ದ. ಅಲ್ಲೀ ಹುಡುಗೀನೇ ಮದುವೆನೂ ಆದ. ಅದೋ, ಮೆಟ್ಟಿಲ ಮೇಲೆ ತಿಂತಿದಾಳಲ್ಲ, ಅವಳೇ."

ಲವೋನ್ ಜೋಲೀನ್‌ಳ ತಟ್ಟೆಗೆ ಒಂದು ಕೊಲಾಚಿ ಹಾಕಿದಳು. "ಚುನಾವಣೆ ಮಾರನೇ ದಿನ ನೀನು ಬಸ್ಸು ಹತ್ತಿದ ಮೇಲೆ ನಿಮ್ಮನೆಗೆ ಇದನ್ನೇ ತಗೊಂಡು ಹೋದೆ. ಅಲ್ಲೀವರೆಗೆ ಆ ಬಾಗಿಲು ತಟ್ಟೋಕೆ ಕೈ ಬರ್ತಿರ್ಲಿಲ್ಲ. ಅವಳ ವಿರುದ್ಧ ವೋಟ್ ಹಾಕಿದ ಮೇಲೆ ಎದೆ ಹಗುರಾಯ್ತು ನೋಡು. ಬಾಗಿಲು ತೆಗೆದು, 'ಹಾಕ್ದ್ಯಾ?' ಅಂದ್ಲು. 'ಹಾಕ್ದೆ' ಅಂದೆ. 'ಸರಿ, ಒಳಗೆ ಬಾ, ಕಾಫಿ ಆರ್ತಿದೆ' ಅಂದ್ಲು. ಆವತ್ತಿಂದ ಅವಳು ಹೋಗೋವರೆಗೂ ದಿನಾ ಕಾಫಿ ಅವಳ ಜೊತೆನೇ."

"ನನಗ್ಯಾಕೆ ಹೇಳ್ಲಿಲ್ಲ ಅವಳು?"

"ನೀನು ಅವಳ ಪರವಾಗಿ ಸಿಟ್ಟು ಮಾಡ್ಕೊಂಡಿದ್ದೆ. ಅದನ್ನ ಕಿತ್ಕೊಳ್ಳೋಕೆ ಮನಸ್ಸು ಬರ್ಲಿಲ್ವೇನೋ. ಅವಳ ಪರವಾಗಿ ಇದ್ದೋಳು ಆಗ ನೀನೊಬ್ಳೇ ಅಲ್ವೇನೇ."

ಜೋಲೀನ್ ಕೊಲಾಚಿಯನ್ನು ಮುರಿದು ಬಾಯಿಗಿಟ್ಟಳು. ಇಷ್ಟು ವರ್ಷ ಅವಳು ಕಣ್ಣ ಮುಂದೆ ಕಂಡದ್ದು ಖಾಲಿ ಅಡುಗೆಮನೆಯಲ್ಲಿ ಒಬ್ಬಳೇ ಕೂತ ಅಮ್ಮನನ್ನು. ಅಲ್ಲಿ ಈಗ ಎರಡು ಕಾಫಿ ಲೋಟಗಳು ಕಂಡವು, ಬಾಯಿಬಡುಕಿ ಲವೋನ್ ಕಂಡಳು, ಗೋಡೆಯ ಫೋನಿನಲ್ಲಿ ಡ್ಯಾರೆಲ್‌ನನ್ನು ಗದರುವ ಅಮ್ಮ ಕಂಡಳು. ಅಂಗಡಿಯಲ್ಲಿ ದಿನವಿಡೀ ನಿಂತವಳು ಮನೆಗೆ ಬಂದು ಶೂ ಬಿಚ್ಚಿದ ಹಾಗೆ ಒಂದು ಉಸಿರು ತಾನಾಗಿ ಹೊರಗೆ ಬಂತು. ಅದರ ಹಿಂದೆಯೇ ನಗು.

ಅವಳು ಎದ್ದು ನಿಂತಳು. ಮಾತುಗಳು ನಿಂತವು.

"ಅಮ್ಮನ್ನ ಸೋಲಿಸೋಕೆ ವೋಟ್ ಹಾಕಿದವರೆಲ್ಲ ಕೈ ಎತ್ತಿ, ನೋಡೋಣ," ಎಂದಳು.

ಮೊದಲು ಲವೋನ್ ಕೈ ಎತ್ತಿದಳು. ಆಮೇಲೆ ವರ್ಲಿನ್, "ಅವಳೇ ಹೇಳಿದ್ಲಲ್ಲ," ಎಂದು ಗೊಣಗುತ್ತ, ಫೋರ್ಕ್ ಹಿಡಿದಿದ್ದ ಕೈಯನ್ನೇ ಎತ್ತಿದ. ಅಡುಗೆಮನೆಯ ಬಾಗಿಲಲ್ಲಿ ಸಾಬೂನಿನ ನೊರೆ ಹತ್ತಿದ ಎರಡು ಕೈಗಳು ಎದ್ದವು. ಗಣಿತದ ಮೇಷ್ಟ್ರು ಊರುಗೋಲನ್ನೇ ಎತ್ತಿದ. ಮೇಜಿನಿಂದ ಮೇಜಿಗೆ, ಮೆಟ್ಟಿಲವರೆಗೂ, ನೋವಾಕ್‌ನ ಕೈಗಳೆಲ್ಲ ಮೇಲೆದ್ದವು.

"ಡ್ಯಾರೆಲ್, ನಿನ್ನ ಕೈ ಎಲ್ಲಯ್ಯಾ?" ಎಂದು ಯಾರೋ ಕೇಳಿದರು.

"ನಾನು ಅವಳಿಗೇ ಹಾಕಿದ್ದು," ಎಂದ ಡ್ಯಾರೆಲ್.

ಇಡೀ ನೆಲಮಾಳಿಗೆ ನಕ್ಕಿತು. ಆ ನಗುವಿನಲ್ಲಿ ಯಾರಿಗೂ ಕೈ ಇಳಿಸುವುದು ನೆನಪಾಗಲಿಲ್ಲ. ಗೆದ್ದವನೊಬ್ಬ ಮಾತ್ರ ಕಿವಿಯವರೆಗೂ ಕೆಂಪಾಗಿ, ಎರಡೂ ಕೈಗಳನ್ನು ತೊಡೆಗಳ ನಡುವೆ ಅವಿತಿಟ್ಟುಕೊಂಡು, ತನ್ನ ತಟ್ಟೆಯನ್ನೇ ನೋಡುತ್ತ ಕೂತಿದ್ದ.