ಒಲೆಬಾಯಿಯ ಗೂಟ

ಏಳು ಹೊಳೆ ದಾಟಿದರೆ ಸಿಗುವ ಒಂದು ಸೀಮೆಯಲ್ಲಿ, ಮಣ್ಣಿನ ಕೋಟೆಯೊಳಗೆ ಒಬ್ಬ ರಾಕ್ಷಸ ಮಲಗಿದ್ದನಂತೆ. ಅವನ ಸಿಟ್ಟು ಏರಿದರೆ ಬೆಳೆಯೆಲ್ಲ ಕರಕಲು, ಇಳಿದರೆ ಕೊಳೆ. ದಿನಕ್ಕೆ ಆರು ಸಲ ಒಬ್ಬಳು ಮುದುಕಿ ಒಳಗೆ ಹೋಗಿ ಅವನ ಹಣೆ ಮುಟ್ಟಿ ನೋಡಬೇಕಿತ್ತಂತೆ. ಹೊರಗಿನಿಂದಲೇ ಅವನ ಸಿಟ್ಟನ್ನು ಅಳೆದುಕೊಡುತ್ತೇನೆಂದು ರಾಜಕುಮಾರಿಯೊಬ್ಬಳು ಮಾತು ಕೊಟ್ಟಳಂತೆ.

ಸಂಗೀತಕ್ಕೆ ಹೆಸರಾದ ತಮ್ಮೂರು ರುದ್ರಪಟ್ಟಣದಲ್ಲಿ ಅಜ್ಜಿ ಶ್ರೀರಂಗಮ್ಮ ಹೇಳುತ್ತಿದ್ದ ಈ ಕತೆಯನ್ನು ಶ್ರೀಗೌರಿ ನಿಜವೆಂದೇ ನಂಬಿದ್ದಳು. ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಕೊನೆಯ ವರ್ಷ, ೧೯೯೮ರಲ್ಲಿ, ಆ ಮುದುಕಿಯೂ ಸಿಕ್ಕಳು. ರಾಮನಾಥಪುರದ ಹತ್ತಿರ ಹೊಗೆಸೊಪ್ಪು ಬೆಳೆಯುವ ಬೀರಮ್ಮ. ಸೊಪ್ಪನ್ನು ಒಲೆಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಮಣ್ಣುಗೋಡೆಯ ಕೋಣೆ, ಬ್ಯಾರನ್ನಿನೊಳಗೆ ಥರ್ಮಾಮೀಟರ್ ನೋಡಲು ನುಗ್ಗಿ ನುಗ್ಗಿ ಅವಳ ಹುಬ್ಬು ಸೀದಿತ್ತು, ಕಣ್ಣು ಸದಾ ಕೆಂಪು.

"ಇನ್ನು ನೀವು ಒಳಗೆ ಹೋಗೋ ಹಾಗಿಲ್ಲ" ಎಂದು ಮಾತು ಕೊಟ್ಟ ಶ್ರೀಗೌರಿ ಒಂದು ಡಬ್ಬಿ ಮಾಡಿಕೊಟ್ಟಳು. ಎರಡು ಬಗೆಯ ಲೋಹದ ತಂತಿಗಳನ್ನು ಬೆಸೆದ ತುದಿ ಬ್ಯಾರನ್ನಿನೊಳಗೆ, ಇನ್ನೊಂದು ತುದಿ ಡಬ್ಬಿಯಲ್ಲಿ. ಕಾವಿಗೆ ಹುಟ್ಟುವ, ಇರುವೆಯ ಉಸಿರಿನಷ್ಟು ವಿದ್ಯುತ್ತನ್ನು ಆಂಪ್ಲಿಫೈಯರ್ ಇನ್ನೂರೈವತ್ತು ಪಟ್ಟು ಹಿಗ್ಗಿಸಿ ಡಿಗ್ರಿಯಾಗಿ ತೋರಿಸುತ್ತಿತ್ತು.

ಮೊದಲ ಬ್ಯಾರನ್ ಸೊಪ್ಪೇ ಕರಕಲಾಯಿತು.

"ನಿನ್ ಡಬ್ಬಿ ಮೂವತ್ತೆಂಟು ಅಂತ ಅಲ್ ಕಿರ್ಕಂಡ್ ಕೂತಿತ್ತು ಕಣವ್ವ," ಎಂದು ಬೀರಮ್ಮನ ತಮ್ಮ ಅಣ್ಣಯ್ಯ ಬಾಗಿಲಲ್ಲೇ ಎಗರಿಬಿದ್ದ. "ಅಕ್ಕ ಅದ್ನೇ ನಂಬ್ಕಂಡು ಸೌದೆ ಜಡೀತಾ ಓದ್ಲು. ಬಾಗ್ಲು ತೆಗುದ್ರೆ ಅಸಿ ಸೊಪ್ಗೆ ಮೊದುಲ್ನೇ ದಿನ್ವೇ ಐವತ್ತೆಂಟು! ನಿಮ್ಮೂರಲ್ಲಿ ಸಂಗೀತ ಏಳ್ಕೊಡ್ತಾರಲ್ಲ, ಅದ್ನೇ ಕಲ್ತಿದ್ರೆ ಆಗ್ತಿರ್ಲಿಲ್ವಾ?"

"ಸುಮ್ಕಿರ್ಲಾ. ಈ ಉಡ್ಗಿ ಬೇಕ್‌ಬೇಕಂತ್ಲೇ ಮಾಡೈತಾ?" ಎಂದ ಬೀರಮ್ಮ ಒದ್ದೆ ಟವೆಲ್ಲು ತಲೆಗೆ ಸುತ್ತಿಕೊಂಡು ಮತ್ತೆ ಒಳಗೆ ನುಗ್ಗಿದಳು. ಅಣ್ಣಯ್ಯನ ಕೊಂಕಿಗಿಂತ ಆ ಟವೆಲ್ಲು ಶ್ರೀಗೌರಿಯ ಮೈ ಉರಿಸಿತು.

ಡಬ್ಬಿ ಬ್ಯಾರನ್ನಿನ ಹೊರಗೆ, ಸೌದೆ ಹಾಕುವ ಒಲೆಬಾಯಿಯ ಪಕ್ಕದ ಗೂಟದಲ್ಲಿ, ಕುಂಕುಮ ಹಚ್ಚಿಸಿಕೊಂಡು ನೇತಾಡುತ್ತಿತ್ತು. ಮುಟ್ಟಿದರೆ ಸುಡುತ್ತಿತ್ತು.

"ಇಲ್ಲಿ ಯಾರು ಹಾಕಿದ್ದು?"

"ನಾನೇ," ಎಂದ ಅಣ್ಣಯ್ಯ. "ಒಲೆ ಒತ್ಸೋ ದಿನ ಒಸ ಸಾಮಾನ್ನ ಆ ಗೂಟಕ್ಕೆ ಆಕಿ ಕುಂಕ್ಮ ಇಕ್ತೀವಿ. ಸೊಪ್ಪು ಇಳ್ಸೋಗಂಟ ಮುಟ್ಟಂಗಿಲ್ಲ. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇಯ."

ಶ್ರೀಗೌರಿಗೆ ಅರ್ಥವಾಯಿತು. ಆ ತಂತಿಗಳು ಹೇಳುವುದು ಎರಡು ತುದಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಡಬ್ಬಿಯ ಕಡೆಯ ತುದಿ ಯಾವಾಗಲೂ ಇಪ್ಪತ್ತೈದು ಡಿಗ್ರಿ ಇರುತ್ತದೆಂದು ಸರ್ಕ್ಯೂಟಿನಲ್ಲಿ ಕೂಡಿಸಿಬಿಟ್ಟಿದ್ದಳು. ಗೂಟದ ಬಳಿ ನಲವತ್ತೈದು. ಇಪ್ಪತ್ತು ಡಿಗ್ರಿಯನ್ನು ಒಲೆ ನುಂಗಿ ಕೂತಿತ್ತು.

ಆ ಇಪ್ಪತ್ತೈದನ್ನು ಹಾಕಿಸಿದ್ದು ಲ್ಯಾಬಿನ ಮೇಷ್ಟ್ರು ಜಯಂತ್. ಸೋಮವಾರ ಅವರೆದುರು ಕರಕಲು ಎಲೆಯೊಂದನ್ನು ಮೇಜಿನ ಮೇಲಿಟ್ಟಳು.

"ಬೇರೆ ಕಡೆ ನೇತುಹಾಕೋಕೆ ಹೇಳಮ್ಮ," ಅವರು ನಕ್ಕರು. "ಹಳ್ಳಿಯೋರ ಮೂಢನಂಬಿಕೆಗೆಲ್ಲ ಸರ್ಕ್ಯೂಟ್ ಬರೆಯೋಕಾಗುತ್ತಾ?"

"ಬರೀತೀನಿ ಸರ್. ತಪ್ಪು ಗೂಟದ್ದಲ್ಲ. ಇಪ್ಪತ್ತೈದು ಸಾಕು ಅಂದಿದ್ದು ನೀವು, ತಲೆ ಆಡಿಸಿದ್ದು ನಾನು."

ಎಲೆಯನ್ನು ಮೇಜಿನ ಮೇಲೇ ಬಿಟ್ಟು ಅವಳು ತನ್ನ ಬೆಂಚಿಗೆ ಹೋದಳು.

ಒಂಬತ್ತು ದಿನ ಅವಳು ಲ್ಯಾಬು ಬಿಡಲಿಲ್ಲ. ತಂತಿಗಳು ಡಬ್ಬಿ ಸೇರುವ ಜಾಗಕ್ಕೇ ಇನ್ನೊಂದು ಪುಟ್ಟ ಸೆನ್ಸರ್ ಅಂಟಿಸಿ, ಅಲ್ಲಿ ಎಷ್ಟು ಕಾವಿದೆಯೋ ಅಷ್ಟನ್ನೂ ಆಂಪ್ಲಿಫೈಯರಿಗೆ ಕೂಡಿಸಿದಳು. ಬ್ಯಾರನ್ನಿನೊಳಗೆ ಹೋಗುವ ತುದಿಯನ್ನು ಐಸ್ ನೀರಿನ ಲೋಟದಲ್ಲಿಟ್ಟು, ಡಬ್ಬಿಯನ್ನು ನೂರು ಕ್ಯಾಂಡಲ್ ಬಲ್ಬಿನ ಮುಂದೆ ಕಾಯಿಸಿದಳು. ಸೊನ್ನೆ ತೋರಿಸಬೇಕಾದದ್ದು ಆರಕ್ಕೆ ಓಡಿತು. ಬಿಚ್ಚಿದಳು. ಮೂರಕ್ಕೆ ಓಡಿತು. ಬೈದಳು, ಮತ್ತೆ ಬಿಚ್ಚಿದಳು. ಒಂಬತ್ತನೆಯ ದಿನ ಡಬ್ಬಿ ಕಾದು ಕೈಸುಟ್ಟರೂ ಸೊನ್ನೆ ಅಲ್ಲಾಡಲಿಲ್ಲ.

ಎರಡನೆಯ ಬ್ಯಾರನ್ನಿಗೆ ಬೆಂಕಿ ಹಾಕಿದ ದಿನ ಅವಳೇ ಡಬ್ಬಿಯನ್ನು ಅದೇ ಗೂಟಕ್ಕೆ ಹಾಕಿದಳು.

"ಅಲ್ಲೇನಾ?" ಅಣ್ಣಯ್ಯ ಹುಬ್ಬೇರಿಸಿದ.

"ಅಲ್ಲೇ. ಕುಂಕುಮ ಇಡಿ."

ಮೂವತ್ತೆಂಟು ತೋರಿಸಿದಾಗ ಅಣ್ಣಯ್ಯ ಬಾಗಿಲು ತೆಗೆದು ಹಳೆಯ ಗಾಜಿನ ಥರ್ಮಾಮೀಟರ್ ನೋಡಿ ಬಂದ. ಮಧ್ಯಾಹ್ನ ಮತ್ತೆ ನೋಡಿದ, ಸಂಜೆ ಇನ್ನೊಮ್ಮೆ.

"ಸರ್ಯಾಗೈತೆ," ಎಂದ, ಹಲ್ಲು ಕೀಳಿಸಿಕೊಂಡವನಂತೆ.

ಶ್ರೀಗೌರಿ ನಗಲಿಲ್ಲ. ಮೊದಲ ಸಲದ ಕರಕಲು ಸೊಪ್ಪಿನ ರಾಶಿ ಇನ್ನೂ ಅಂಗಳದಲ್ಲೇ ಇತ್ತು.

ದಿನದಿನಕ್ಕೂ ಏರಿಸುತ್ತ ಬಂದ ಕಾವು ಆರನೆಯ ದಿನ ಕೊನೆಯ ಹದ ಮುಟ್ಟಿ, ಡಬ್ಬಿ ಅರವತ್ತೊಂಬತ್ತು ತೋರಿಸಿತು. ಬೀರಮ್ಮ ಹೊರಗೆ ನಿಂತೇ ಕಣ್ಣು ಕಿರಿದು ಮಾಡಿ ಓದಿ, ಒಲೆಯಿಂದ ಒಂದು ಕೊರಡನ್ನು ಹಿಂದಕ್ಕೆಳೆದಳು. ಟವೆಲ್ಲು ಬ್ಯಾರನ್ನಿನ ಚಿಲಕದ ಮೇಲೆ ಒಣಗಿ ಗರಿಗರಿಯಾಗಿತ್ತು.