ಬೆಳ್ಳಗೆ ತೊಳೆದ ಉಂಗುರಗಳು

ಗುಳ್ಳೆಯೊಂದು ಕೊಳವೆಯೊಳಗೆ ಏರುತ್ತಿದೆ, ಏರಿ ಮೇಲೆ ಬಂದು ಟಪ್ಪೆಂದು ಒಡೆಯಿತು, ಹಿಂದೆಯೇ ಇನ್ನೊಂದು — ಲಾನಿಯ ಸಾಕುಮೀನಿನ ಅಂಗಡಿಯಲ್ಲಿ ಯಾವಾಗಲೂ ಇದೇ ಸದ್ದು, ಇದೇ ಹಸಿ ವಾಸನೆ, ಹಾರ್ಮ್‌ನ ಸ್ವೆಟರಿಗೂ ಇದೇ ವಾಸನೆ, ಮೂವತ್ತು ವರ್ಷ ರೀಕಾ ಅದನ್ನು ಒಗೆದೇ ಒಗೆದಳು, ಹೋಗಲಿಲ್ಲ, ಈಗ ಗಂಡ ಆರೈಕೆ ಮನೆಯ ಹಾಸಿಗೆಯಲ್ಲಿ ಯಾರದೋ ಸೋಪಿನ ವಾಸನೆ ಹೊತ್ತು ಮಲಗಿದ್ದಾನೆ, ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮಾತಿಲ್ಲ, ಎಡಗೈಯ ಒಂದು ಬೆರಳು ಮಾತ್ರ ಅವನದು — ಮತ್ತೆ ಎದುರಿಗೆ ಕಪಾಟು, ಕಪಾಟಿನ ತುಂಬ ಡಬ್ಬಿಗಳು, ಫಿಲ್ಟರಿನೊಳಗೆ ತುಂಬುವ ಪಿಂಗಾಣಿ ಉಂಗುರ, ಗಾಜಿನ ಹರಳು, ಮುಳ್ಳುಮುಳ್ಳಾದ ಪ್ಲಾಸ್ಟಿಕ್ ಚೆಂಡು, ಕರಿ ಸ್ಪಂಜು, ಯಾವುದು ಒಳ್ಳೆಯದು ಅಂತ ಕೇಳಿದರೆ ಲಾನಿ ಗಡ್ಡ ಕೆರೆದುಕೊಳ್ಳುತ್ತಾನೆ, ಯಾವ್ದಾದ್ರೂ ತಗೊಳ್ಳಿ ಮೇಡಂ, ತೂತು ಜಾಸ್ತಿ ಇದ್ರಾಯ್ತು, ಆದ್ರೆ ಇವೆಲ್ಲಾ ಖಾಲಿ ಮನೆ ಇದ್ದಂಗೆ, ಒಳಗೆ ವಾಸ ಮಾಡೋ ಬ್ಯಾಕ್ಟೀರಿಯಾ ಬಂದು ಸಂಸಾರ ಹೂಡೋಕೆ ಆರು ವಾರ ಬೇಕು, ಅಷ್ಟರತನಕ ಮೀನು ಮಾಡಿದ ಹೊಲಸು ಮೀನಿಗೇ ವಿಷ. ಆರು ವಾರ. ಡಬ್ಬಿಯ ಮೇಲಿನ ಚಿತ್ರದಲ್ಲಿ ಉಂಗುರಗಳು ಬೆಳ್ಳಗಿವೆ, ಹಾಲಿನಷ್ಟು ಬಿಳುಪು, ಅವಳು ಅಂದು ತೊಳೆದವುಗಳಷ್ಟೇ ಬಿಳುಪು.

ಅಷ್ಟು ಚೆನ್ನಾಗಿ ತೊಳೆದಿದ್ದಳು. ಹಾರ್ಮ್ ಬಿದ್ದು ವಾರವಾಗಿತ್ತು, ನೆಲಮಾಳಿಗೆಗೆ ಇಳಿದು ನೋಡಿದರೆ ಅವನ ಮೀನುತೊಟ್ಟಿಯ ಫಿಲ್ಟರಿನಿಂದ ನೀರು ದಾರದಷ್ಟು ಸಣ್ಣಗೆ ಸುರಿಯುತ್ತಿತ್ತು, ಮುಚ್ಚಳ ತೆಗೆದರೆ ಒಳಗೆಲ್ಲ ಕಂದು ಲೋಳೆ, ಛೀ, ಇಂಥ ಕೊಳೆಯನ್ನು ನನ್ನ ಮನೆಯಲ್ಲಿ ಇಷ್ಟು ವರ್ಷ ಇಟ್ಟುಕೊಂಡಿದ್ದೆಯಾ ಮಾರಾಯ — ರೀಕಾಳ ಅಮ್ಮ ಶನಿವಾರ ಬಂತೆಂದರೆ ಹಿಮ ಬೀಳುತ್ತಿದ್ದರೂ ಮೊಣಕಾಲೂರಿ ಬಾಗಿಲ ಮೆಟ್ಟಿಲು ಉಜ್ಜುತ್ತಿದ್ದಳು, ಭಾನುವಾರ ಎರಡು ಹೊತ್ತೂ ಚರ್ಚಿಗೆ ಹೋಗುವ ಡಚ್ ಓಣಿಯ ಕಣ್ಣುಗಳೆಲ್ಲ ಆ ಮೆಟ್ಟಿಲ ಮೇಲೆ, ಕೊಳೆ ಕಂಡರೆ ಇವರ ಮನೆತನದ ಕೈ ಸುಮ್ಮನಿರುವುದಿಲ್ಲ — ಹಾರ್ಮ್ ಹೇಳಿದ್ದ, ರೀಕಾ, ಈ ಮನೇಲಿ ಏನು ಬೇಕಾದ್ರೂ ತೊಳಿ, ಬೇಕಾದ್ರೆ ನನ್ನನ್ನೂ ತೊಳಿ, ಫಿಲ್ಟರ್ ಒಂದನ್ನ ಬಿಟ್ಟುಬಿಡು ಕಣೇ, ಅವಳು ನಕ್ಕಿದ್ದಳು, ತಮಾಷೆ ಅಂದುಕೊಂಡಿದ್ದಳು. ನಲ್ಲಿ ಪೂರ್ತಿ ತಿರುಗಿಸಿ, ಕ್ಲೋರಿನ್ ವಾಸನೆಯ ಬಿಸಿನೀರು ಬಿಟ್ಟು, ಒಂದೊಂದೇ ಉಂಗುರವನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕಂದು ನೀರು ಸಿಂಕಿನ ತೂತಿನಲ್ಲಿ ಸುತ್ತಿ ಸುತ್ತಿ ಇಳಿದುಹೋಗಿ, ಅದೇ ಜೀವ, ಮೀನುಗಳ ಹೊಲಸನ್ನು ತಿಂದು ನೀರನ್ನು ಉಳಿಸುತ್ತಿದ್ದದ್ದು ಅದೇ, ಅವಳಿಗೇನು ಗೊತ್ತು — ನೀಲಿ ಚೌಕುಳಿ ಬಟ್ಟೆಯ ಮೇಲೆ ಸಾಲಾಗಿ ಒಣಗಲಿಟ್ಟಳು. ಫಿಲ್ಟರಿನ ನೀರು ಮತ್ತೆ ಭರ್ರೆಂದು ಹರಿಯಿತು, ಪುಟ್ಟ ಮೀನುಗಳು ತಳ್ಳಿಸಿಕೊಂಡು ಮೂಲೆ ಸೇರಿದವು, ಆಟವಾಡುತ್ತಿವೆ ಅಂದುಕೊಂಡಳು. ಆ ಮಧ್ಯಾಹ್ನವೇ ಹಾರ್ಮ್‌ಗೆ ಹೇಳಿದಳು, ನೋಡು, ನಿನ್ನ ಫಿಲ್ಟರ್ ಎಲ್ಲಾ ಬೆಳ್ಳಗೆ ತೊಳೆದಿಟ್ಟಿದೀನಿ, ಅವನ ಬಲಗಣ್ಣಿನಲ್ಲಿ ನೀರು ಬಂತು, ಆ ಕಣ್ಣು ಯಾವಾಗಲೂ ಸೋರುತ್ತೆ ಎಂದು ನರ್ಸ್ ಮೊದಲೇ ಹೇಳಿದ್ದಳು, ರೀಕಾ ಕರವಸ್ತ್ರದಿಂದ ಒರೆಸಿದಳು.

ಮೂವತ್ತೊಂದು ಇದ್ದವು. ಹೆಬ್ಬೆರಳಷ್ಟೂ ಇಲ್ಲದ ಬೂದು ಮೀನು, ಮೆಕ್ಸಿಕೋದ ಒಂದು ನೀರಿನ ಒರತೆಯದು, ಆ ಒರತೆಗೆ ಪಂಪು ಹಚ್ಚಿ ಬತ್ತಿಸಿಯಾಯಿತು, ಟೊಲಿಡೋದಲ್ಲಿ ಒಬ್ಬನ ಹತ್ತಿರ ಇದ್ದವು ಕರೆಂಟು ಹೋದಾಗ ಸತ್ತವು, ಈಗ ಭೂಮಿಯ ಮೇಲೆ ಈ ಜಾತಿ ಇರೋದು ನಮ್ಮ ನೆಲಮಾಳಿಗೇಲಿ ಮಾತ್ರ ಕಣೇ ರೀಕಾ ಎಂದು ಹಾರ್ಮ್ ಊಟದ ಮೇಜಿನಲ್ಲಿ ಹೇಳುವಾಗ ಅವಳು ಬಟಾಣಿ ಸೂಪು ಬಡಿಸುತ್ತ ಹೂಂ ಅಂದಿದ್ದಳು. ಮೂರನೇ ದಿನ ಐದು ಮೀನು ತೇಲಿದವು. ತೊಟ್ಟಿಯಲ್ಲಿ ವಿಷವಿದೆಯೇ ಎಂದು ನೋಡುವ ಪರೀಕ್ಷೆಯ ನೀರು ಹಳದಿಯಾಗಬೇಕಿತ್ತು, ಹಸಿರಾಯಿತು. ಒಂದು ಫೋನ್ ಸಾಕಿತ್ತು, ಮೀನು ಸಾಕುವವರ ಕೂಟದಲ್ಲಿ ಒಂದು ಪದ್ಧತಿ, ಯಾರ ತೊಟ್ಟಿ ಕೆಟ್ಟರೂ ಇನ್ನೊಬ್ಬರು ತಮ್ಮ ಫಿಲ್ಟರಿನ ಹಳೇ ಸ್ಪಂಜನ್ನು ಚೀಲದಲ್ಲಿ ತಂದು ಕೊಡುತ್ತಾರೆ, ಆ ಕೊಳಕು ಸ್ಪಂಜಿನಲ್ಲೇ ಆರು ವಾರದ ಕೆಲಸ ಮುಗಿದಿರುತ್ತದೆ, ಹಾರ್ಮ್ ಎಷ್ಟು ಜನಕ್ಕೆ ಕೊಟ್ಟಿದ್ದ, ಗೆರಿಟ್ ಬೋಸ್‌ಗೆ ಎರಡು ಸಲ. ಆದರೆ ಗೆರಿಟ್ ಪ್ರತಿ ಗುರುವಾರ ಹಾರ್ಮ್‌ನನ್ನು ನೋಡಲು ಹೋಗುತ್ತಾನೆ, ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ನಾಳೆ ನೋಡೋಣ ಅಂದಳು, ಮರುದಿನ ಹತ್ತೊಂಬತ್ತೇ ಉಳಿದಿದ್ದವು, ನೀರು ಬದಲಿಸಿದಳು, ಒಂಬತ್ತು, ಫಿಲ್ಟರಿನ ರಭಸ ತಗ್ಗಿಸಿದಳು, ಪ್ರಾರ್ಥನೆ ಮಾಡಿದಳು, ಐದು. ದಿನವೂ ಎರಡು ಗಂಟೆಗೆ ಅವಳು ನೋಡಲು ಹೋದಾಗ ಹಾರ್ಮ್ ಬೆರಳೆತ್ತಿ, ಮೀನು ಹೇಗಿವೆ ಎಂಬಂತೆ, ಅವಳ ಮುಖ ನೋಡುತ್ತಾನೆ, ಅವಳು ಹೆಬ್ಬೆರಳು ತೋರಿಸುತ್ತಾಳೆ, ಚೆನ್ನಾಗಿವೆ, ನಿನ್ನೆಯಂತೂ ಮರಿ ಹಾಕಿವೆ ಅಂದುಬಿಟ್ಟಳು, ನಾಲ್ಕು ಮರಿ ಹಾರ್ಮ್, ಅವನು ಮುಖವನ್ನು ಕಿಟಕಿಯ ಕಡೆ ಹೊರಳಿಸಿದ.

ನೀರು ಮೆಲ್ಲಗೆ ಹರೀಬೇಕು ಮೇಡಂ, ಲಾನಿ ಹೇಳುತ್ತಲೇ ಇದ್ದಾನೆ, ಜೋರಾದ್ರೆ ಮೀನು ಈಜಿ ಈಜಿ ಸುಸ್ತಾಗ್ತವೆ, ತೀರಾ ನಿಧಾನ ಆದ್ರೆ ಒಳಗಿರೋ ಬ್ಯಾಕ್ಟೀರಿಯಾಕ್ಕೆ ಉಸಿರಿಲ್ಲ, ಇದೆಲ್ಲಾ ಯಾಕೆ, ನನ್ನ ತೊಟ್ಟೀಲಿ ಕಾಯಿಲೆ ಇದೆ, ಇಲ್ಲಾಂದ್ರೆ ನಾನೇ ಸ್ಪಂಜು ಕೊಡ್ತಿದ್ದೆ, ಗೆರಿಟ್‌ಗೆ ಒಂದು ಫೋನ್ ಹಾಕ್ಲಾ? ಮತ್ತೆ ಗುಳ್ಳೆ, ಟಪ್. ಹಾಕು, ಅಂದಳು. ಇಷ್ಟೇ, ಇಷ್ಟು ಸುಲಭ, ಫೋನಿನಿಂದ ಗೆರಿಟ್‌ನ ದನಿ ಅಂಗಡಿ ತುಂಬ ಕೇಳುತ್ತದೆ, ಅಯ್ಯೋ ರೀಕಾ, ಮೊದ್ಲೇ ಹೇಳ್ಬಾರ್ದಾ, ಈಗ್ಲೇ ಹೊರಟೆ ಕಣಮ್ಮ, ಎಷ್ಟು ಉಳಿದಿವೆ? ಎರಡು. ಎರಡಾದ್ರೆ ಎರಡು, ಒಂದು ಜೋಡಿ ಸಾಕು, ಹಾರ್ಮ್ ಶುರು ಮಾಡಿದ್ದೂ ಒಂದೇ ಜೋಡಿಯಿಂದ, ಗಂಡು ಹೆಣ್ಣು ನೋಡಿದೀಯಾ? — ಕೆಳಗಿನ ರೆಕ್ಕೆಯ ತುದೀಲಿ ಹಲ್ಲು ಮುರಿದಂಗೆ ಒಂದು ಕಚ್ಚು ಇದ್ರೆ ಗಂಡು, ಹಾರ್ಮ್ ಒಮ್ಮೆ ತೋರಿಸಿದ್ದ, ಬೆಳಿಗ್ಗೆ ಗಾಜಿಗೆ ಮೂಗು ಒತ್ತಿ ನೋಡಿದ್ದಳು, ಎರಡಕ್ಕೂ ಇತ್ತು, ಕಚ್ಚು ಎರಡಕ್ಕೂ ಇತ್ತು. ಎರಡೂ ಗಂಡು, ಅಂದಳು. ಲಾನಿ ಅವಳ ಕೈಯಿಂದ ಉಂಗುರದ ಡಬ್ಬಿಯನ್ನು ಮೆಲ್ಲಗೆ ತೆಗೆದುಕೊಂಡು ಕಪಾಟಿನಲ್ಲಿಟ್ಟ. ಹಾರ್ಮ್‌ಗೆ ಹೇಳ್ಬೇಡ ಗೆರಿಟ್, ಅನ್ನಲು ಬಾಯಿ ತೆರೆದಳು — ಏನು ಹೇಳಬಾರದು, ಬೆಳ್ಳಗೆ ತೊಳೆದಿಟ್ಟಿದೀನಿ ಎಂದು ಅವಳೇ ಹೇಳಿದ್ದಳಲ್ಲ, ಆ ಕಣ್ಣೀರು ಸುಮ್ಮನೆ ಸೋರಿದ್ದಲ್ಲ, ಮೊದಲ ಮೀನು ಸಾಯುವ ಮುಂಚೆಯೇ ಹಾರ್ಮ್‌ಗೆ ಗೊತ್ತಿತ್ತು, ದಿನವೂ ಎರಡು ಗಂಟೆಗೆ ಬೆರಳೆತ್ತಿ ಕಾದಿದ್ದ, ಅವಳೇ ಹೇಳಲಿ ಎಂದು, ಮರಿಗಳ ಸುಳ್ಳನ್ನೂ ಕೇಳಿಸಿಕೊಂಡು — ಈಗ ಗಂಟೆ ಒಂದೂವರೆ — ಉಂಗುರಗಳು, ನೀಲಿ ಚೌಕುಳಿ ಬಟ್ಟೆಯ ಮೇಲೆ ಸಾಲು ಸಾಲು, ಬೆಳ್ಳಗೆ, ಒಂದರಲ್ಲೂ ಒಂದು ಕಲೆಯಿಲ್ಲ, ಬೆಳ್ಳಗೆ